ನಾನು ಮುಂದೆ, ನಗು ಹಿಂದೆ

ಗೋಕಾಕಕ್ಕೆ ಬಂದವರು ಧಬಧಬೆ ನೋಡಲು ಬಸ್ಸು ಹತ್ತುತ್ತಾರೆ. ಇಳಿಯುತ್ತಾರೆ, ನೀರು ಬೀಳುವುದನ್ನು ನೋಡುತ್ತಾರೆ, ತೂಗುಸೇತುವೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟು ಕಿರುಚುತ್ತಾರೆ, ಕರದಂಟು ಕಟ್ಟಿಸಿಕೊಂಡು ಮತ್ತೆ ಬಸ್ಸು ಹತ್ತುತ್ತಾರೆ. ಜಲಪಾತ ನೋಡಿದೆವು ಅನ್ನುತ್ತಾರೆ. ಅಂಥವರಿಗೆ ನಾನು ಹೇಳುವುದಿಷ್ಟು: ಪೂರಾ ದರ ಕೊಟ್ಟು ಅರ್ಧ ಮಾಲು ತಂದಿರಿ. ಧಬಧಬೆ ನೋಡಬೇಕಾದರೆ ಊರ ಹಿಂದಿನ ಗುಡ್ಡ ಹತ್ತಿ ಅದರ ಬೆನ್ನ ಮೇಲೆ ನಡೆದು ಹೋಗಬೇಕು. ಮೊದಲು ಅದು ಕಿವಿಗೆ ಬರುತ್ತದೆ, ಆಮೇಲೆ ತುಂತುರಾಗಿ ಮುಖಕ್ಕೆ ಬರುತ್ತದೆ, ಕಣ್ಣಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ.

ದಾರಿ ಕಠಿಣವೇನಲ್ಲ. ಆಡು ಮೇಯಿಸುವವರು ಮಾಡಿದ ಕಾಲುದಾರಿ ಅದು. ಆಡಿಗೆ ಅವಸರವಿಲ್ಲ, ಹಾಗಾಗಿ ಏರು ಕೂಡ ಅವಸರದ್ದಲ್ಲ. ನನ್ನ ಮಾತು ಕೇಳುವುದಾದರೆ ಬಿಸಿಲು ಏರುವ ಮೊದಲು ಹೊರಡಿ. ಹೊಸ ಚಪ್ಪಲಿ ಹಾಕಬೇಡಿ, ಹಳೆಯದೇ ಇರಲಿ. ಕೈಯಲ್ಲೊಂದು ಕೋಲಿರಲಿ, ಹುಲ್ಲಿಗೆ ಬಡಿಯುತ್ತ ನಡೆದರೆ ಹಾವು ತಾನೇ ದಾರಿ ಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆರಳು ಬೇಕೆನ್ನುವವರು ಯೋಗಿಕೊಳ್ಳದ ದಾರಿ ಹಿಡಿಯಲಿ. ಅಲ್ಲಿ ನೆರಳೂ ಹೆಚ್ಚು, ಮಂಗಗಳೂ ಹೆಚ್ಚು, ಬುತ್ತಿಯ ಗಂಟನ್ನು ಕೆಳಗಿಡಬಾರದು. ಮೊಣಕಾಲು ನೋಯುವವರಿಗೆ ಊರಿನ ಹಿಂದಿನ ಸಣ್ಣ ಗುಡ್ಡವೇ ಸಾಕು. ಸಂಜೆ ಹೊತ್ತು ಮೇಲೆ ಕುಳಿತರೆ ಹೊಳೆ, ಪೇಟೆ, ಕಬ್ಬಿನ ಹೊಲ ಎಲ್ಲ ಒಂದೇ ಪರಾತದಲ್ಲಿ ಬಡಿಸಿದ ಹಾಗೆ ಕಾಣುತ್ತದೆ. ಕಾಲ ಯಾವುದು ಅಂದರೆ ಶ್ರಾವಣ. ನಮ್ಮಲ್ಲಿ ಮಳೆ ಕಡಿಮೆ. ಆದರೆ ದೂರದ ಘಟ್ಟದಲ್ಲಿ ಮಳೆ ಹಿಡಿದರೆ ನಮ್ಮ ಹೊಳೆ ಕೆಂಪಗೆ ತುಂಬಿ ಬರುತ್ತದೆ. ಮಳೆ ಬೇರೆಯವರದು, ಜಲಪಾತ ನಮ್ಮದು. ಇಂಥ ವ್ಯಾಪಾರ ಯಾರಿಗೆ ಸಿಕ್ಕೀತು!

ಈ ದಾರಿಗಳೆಲ್ಲ ನನ್ನ ಕಾಲಿಗೆ ಪಾಠವಾದದ್ದು ಹೊಟ್ಟೆಪಾಡಿಗಾಗಿ. ನಾನು ಮೂಡಲಗಿಯವನು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಖಣದ ಗಂಟು ಬೆನ್ನಿಗೆ ಕಟ್ಟಿಕೊಂಡು ಮನೆ ಬಿಟ್ಟೆ. ಖಣ ಅಂದರೆ ಕುಬಸ ಹೊಲಿಸುವ ಅರಿವೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದಿಲ್ಲದೆ ಹಬ್ಬವಿಲ್ಲ. ಊರಿಂದ ಊರಿಗೆ ರಸ್ತೆ ಸುತ್ತಿ ಹೋದರೆ ದಿನವೆಲ್ಲ ರಸ್ತೆಗೇ ಹೋಗುತ್ತದೆ ಅಂತ ಗುಡ್ಡ ಅಡ್ಡ ಹಾಯ್ದು ಹೋಗುತ್ತಿದ್ದೆ. ಓಣಿಯ ಕಟ್ಟೆಯ ಮೇಲೆ ಗಂಟು ಬಿಚ್ಚಿ ನೆಲಕ್ಕೆ ಕುಳಿತೆನೆಂದರೆ ಸುತ್ತ ಹೆಂಗಸರು. "ಯಕ್ಕಾ, ಈ ದಡಿ ನೋಡ, ನಿನ್ನ ಮೈಬಣ್ಣಕ್ಕ ಹೇಳಿ ಮಾಡಿಸಿದಂಗ ಐತಿ." "ಏ, ಸುಮ್ನಿರಪಾ, ಹ್ವಾದ ಸಲ ಕರೇ ಬಣ್ಣದ್ದಕ್ಕೂ ಹಿಂಗ ಅಂದಿದ್ದಿ." ಹೀಗೆ ಮಾತಿಗೆ ಮಾತು ಸೇರಿಸಿ ಮಾರಿ, ಕೆಲವೇ ವರ್ಷಗಳಲ್ಲಿ ಗೋಕಾಕದ ಪೇಟೆಯಲ್ಲಿ ಅಂಗಡಿ ಹಿಡಿದೆ. ಹೆಂಗಸರ ಬಾಯಿಂದ ಮಾತು ತೆಗೆಯುವುದರಲ್ಲಿ ನನ್ನಷ್ಟು ಪಳಗಿದವರು ಆ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ ಅಂತ ಎದೆ ತಟ್ಟಿ ಹೇಳಬಲ್ಲೆ.

ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಅವಳು ಹುಕ್ಕೇರಿಯವಳು. ಮದುವೆಯಾಗಿ ಬಂದ ಮೊದಲ ಶ್ರಾವಣದಿಂದಲೂ ಸೋಮವಾರಕ್ಕೊಮ್ಮೆ ಗುಡ್ಡದ ಮೇಲಿನಿಂದ ನಡೆದು ಧಬಧಬೆಯ ದಂಡೆಯ ಗುಡಿಗೆ ಹೋಗುವುದು ನಮ್ಮ ಪದ್ಧತಿ. ಆಗ ಗಂಡ ಹೆಂಡತಿ ಜೋಡಿಯಾಗಿ ನಡೆಯುವಂತಿರಲಿಲ್ಲ. ಗಂಡ ಮುಂದೆ, ಹೆಂಡತಿ ಹಿಂದೆ. ನಡುವೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಜಾಗ. ಅದಕ್ಕಿಂತ ಹತ್ತಿರ ಬಂದರೆ ಹೆಂಗಸು ಸಲಿಗೆಯವಳು, ಅದಕ್ಕಿಂತ ದೂರ ಬಿದ್ದರೆ ಮನೆಯಲ್ಲಿ ಜಗಳವಾಗಿದೆ ಅಂತ ಜನ ಲೆಕ್ಕ ಹಾಕುತ್ತಿದ್ದರು. ತಲೆಯ ಮೇಲೆ ಬುತ್ತಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಅವಳು ಬರುತ್ತಿದ್ದಳು. ನಾನು ಮುಂದಿನಿಂದ "ಕಲ್ಲೈತಿ ನೋಡ" ಅಂದರೆ "ಹೂನ್ರಿ." "ದಣದಿ ಏನ?" ಅಂದರೆ "ಇಲ್ರಿ." ಇಷ್ಟೇ. ಇದರಲ್ಲಿ ನನಗೇನೂ ಕೊರತೆ ಕಂಡಿರಲಿಲ್ಲ. ಮಾತು ಕಡಿಮೆಯ ಹೆಣ್ಣು, ಒಳ್ಳೆಯದೇ ಆಯಿತು, ಅಂಗಡಿಯಲ್ಲಿ ಬೇಕಾದಷ್ಟು ಮಾತು ಕೇಳುತ್ತೇನೆ ಅಂದುಕೊಂಡಿದ್ದೆ.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಸುಮಾರಿಗೆ ನಮ್ಮ ಓಣಿಗೆ ಒಬ್ಬ ಬಸ್ಸಿನ ಕಂಡಕ್ಟರ್ ಬಾಡಿಗೆಗೆ ಬಂದ. ಹುಕ್ಕೇರಿಯವನು. ಗೋಕಾಕ, ಧಬಧಬೆ, ಹುಕ್ಕೇರಿ ನಡುವೆ ಓಡುವ ಬಸ್ಸಿನ ಮೇಲೆ ಅವನ ಕೆಲಸ. ಸೋಮವಾರ ಸೂಟಿ. ಖಾಕಿ ಅಂಗಿಯ ತೋಳು ಮಡಿಸಿ, ಕೂದಲಿಗೆ ಎಣ್ಣೆ ಹಚ್ಚಿ, ಮೊದಲ ದಿನವೇ ನಮ್ಮ ಬಾಗಿಲಲ್ಲಿ ನಿಂತ. "ತಂಗೆವ್ವಾ, ನಾ ಹುಕ್ಕೇರ್ಯಾಗ ನಿಮ್ಮ ಓಣ್ಯಾಗಿನಾಂವ. ಗುಮ್ಮಟದ ಬಾಜೂ ಮನಿ. ನೀ ಸಣ್ಣಾಕಿ ಇದ್ದಾಗ ನಿನ್ನ ಲಗೋರಿ ಚೆಂಡು ನಮ್ಮ ಮಾಳಿಗಿ ಮ್ಯಾಲ ಬಿದ್ದಿತ್ತು ನೋಡ, ಅದ ಇನ್ನೂ ಅಲ್ಲೇ ಐತಿ."

ನನ್ನ ಹೆಂಡತಿ ನಕ್ಕಳು. ನಾನು ಒಳಗೆ ಕುಳಿತಿದ್ದವನು ಯಾರು ನಕ್ಕರು ಅಂತ ಹೊರಗೆ ಬಂದು ನೋಡಿದೆ.

ತವರೂರಿನ ಗಂಡಸು ಹೆಣ್ಣುಮಗಳಿಗೆ ಅಣ್ಣ. ರಕ್ತ ಬೇರೆಯಾದರೂ ಸರಿ, ಕುಲ ಬೇರೆಯಾದರೂ ಸರಿ. ಇದು ನಮ್ಮ ಕಡೆಯ ಕಟ್ಟಳೆ, ಇದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ, ಮಾಡಿದವನೇ ಹಗುರಾಗುತ್ತಾನೆ. ಅಣ್ಣನ ಜೊತೆ ಹೆಣ್ಣುಮಗಳು ಸರಿಸಮನಾಗಿ ನಡೆಯಬಹುದು, ಮುಖ ನೋಡಿ ಮಾತಾಡಬಹುದು, ಬೆನ್ನಿಗೆ ಗುದ್ದಿ ನಗಬಹುದು. ಹಾಗಾಗಿ ಆ ಶ್ರಾವಣದ ಸೋಮವಾರ ಗುಡ್ಡದ ದಾರಿಯಲ್ಲಿ ನಾನು ಮುಂದೆ. ಹಿಂದೆ ಗಾಡಿ ಹಿಡಿಸುವಷ್ಟು ಜಾಗ. ಅದರ ಹಿಂದೆ ಅವರಿಬ್ಬರು, ಜೋಡೆತ್ತಿನ ಹಾಗೆ. ಬುತ್ತಿ ಅವನ ಹೆಗಲ ಮೇಲೆ. ಇವಳ ಬಾಯಿ ಒಂದೇ ಸವನೆ. ಮಾತಿನ ಅಕ್ಷರ ಒಂದೂ ನನಗೆ ತಿಳಿಯುತ್ತಿರಲಿಲ್ಲ, ನಗು ಮಾತ್ರ ಬಂದು ಬೆನ್ನಿಗೆ ಬಡಿಯುತ್ತಿತ್ತು. ನನ್ನ ಹೆಂಡತಿಗೆ ಅಂಥ ನಗು ಇದೆ ಅನ್ನುವುದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹೂತಿಟ್ಟ ಬಂಗಾರದ ಸರವನ್ನು ಬೇರೆ ಯಾರೋ ತೆಗೆದು ಹಾಕಿಕೊಂಡು ತಿರುಗಿದರೆ ಹೇಗಿರುತ್ತದೆ, ಹಾಗೆ.

ತಿರುಗಿ ನೋಡುವಂತಿಲ್ಲ. ನೋಡಿದರೆ ಸಣ್ಣವನಾಗುತ್ತೇನೆ. ಅಣ್ಣ ತಂಗಿ ಮಾತಾಡಿದರೆ ಇವನಿಗೇನು ಸಂಕಟ ಅನ್ನುವ ಹಾಗಾಗುತ್ತದೆ. ಕೋಲಿನಿಂದ ತಂಗಡಿ ಗಿಡಗಳಿಗೆ ಬಡಿಯುತ್ತ ನಡೆದೆ. ಆ ಶ್ರಾವಣದಲ್ಲಿ ದಾರಿಯ ಎರಡೂ ಕಡೆ ತಂಗಡಿಯ ಹಳದಿ ಹೂವು ಒಂದೂ ಉಳಿಯಲಿಲ್ಲ.

ನಾನೇನೂ ಸುಮ್ಮನೆ ಕೂಡುವವನಲ್ಲ. ಮುಂದಿನ ಸಲ ನಡಿಗೆ ನಿಧಾನ ಮಾಡಿದೆ. ನಾನು ನಿಧಾನವಾದರೆ ಅವಳೂ ನಿಧಾನ. ಆ ಗಾಡಿಯಷ್ಟು ಜಾಗ ಒಂದು ಗೇಣೂ ಕಡಿಮೆಯಾಗಲಿಲ್ಲ. ಮತ್ತೊಂದು ಸಲ ಕಂಡಕ್ಟರನನ್ನೇ ಮುಂದೆ ಕರೆದೆ. "ಬಾರಪಾ, ನನ್ನ ಜೋಡಿ ನಡಿ, ಗಂಡಸರು ಗಂಡಸರು ಮಾತಾಡೂಣು." ಬಂದ. ಹತ್ತಿಯ ಧಾರಣೆಯ ಬಗ್ಗೆ ನಾನು ಮಾತು ತೆಗೆದೆ, "ಹೌದ್ರಿ ಮಾಮಾ, ಹೌದ್ರಿ" ಅಂದ. ಸ್ವಲ್ಪ ದೂರ ಹೋಗುವುದರೊಳಗೆ "ತಂಗಿ ಒಬ್ಬಾಕೇ ಆದಳು, ಹುಲ್ಲಾಗ ಹುಳಾ ಹುಪ್ಪಡಿ ಇರ್ತಾವು" ಅಂತ ಹಿಂದಕ್ಕೆ ಜಾರಿದ. ಹೋದವನು ಅವಳ ಕಿವಿಯಲ್ಲಿ ಏನು ಹೇಳಿದನೋ, ನಗು ಹಿಂದೆಂದಿಗಿಂತ ದೊಡ್ಡದಾಗಿ ಬಂತು. ಹತ್ತಿಯ ಧಾರಣೆ ಅಂತಲೇ ಹೇಳಿರಬೇಕು.

ಇನ್ನೊಂದು ಸಲ ಯಾರಿಗೂ ಹೇಳದೆ ದಾರಿಯನ್ನೇ ಬದಲಿಸಿದೆ. "ಈ ಸೋಮಾರ ಯೋಗಿಕೊಳ್ಳಕ್ಕ ಹೋಗೂಣು" ಅಂತ ನಸುಕಿನಲ್ಲಿ ಹೊರಡಿಸಿದೆ. ಕೊಳ್ಳದ ಮೊದಲ ತಿರುವಿನಲ್ಲಿ ಬಂಡೆಯ ಮೇಲೆ ಕಾಲು ತೂಗಿಬಿಟ್ಟು ಅವನು ಕುಳಿತಿದ್ದ. ಮಂಗಗಳಿಗೆ ಶೇಂಗಾ ಹಾಕುತ್ತಿದ್ದ. "ಬರ್ರಿ ಮಾಮಾ, ಎಷ್ಟ ತಡಾ ಮಾಡಿದ್ರಿ!" ಹೊರಡುವ ಮೊದಲು ಓಣಿಯಲ್ಲಿ ನೀರು ತರುವಾಗ ನನ್ನ ಹೆಂಡತಿ ಹೇಳಿದ್ದಳಂತೆ.

ಆದರೆ ಕೊಳ್ಳದ ದಾರಿ ನನಗೊಂದು ಲಾಭ ಕೊಟ್ಟಿತು. ಅಲ್ಲಿ ದಾರಿ ಹಾವಿನ ಹಾಗೆ ಮಡಿಚಿಕೊಂಡು ಏರುತ್ತದೆ. ಮೇಲಿನ ಮಡಿಕೆಯಲ್ಲಿ ನಿಂತವನಿಗೆ ಕೆಳಗಿನ ಮಡಿಕೆಯಲ್ಲಿ ಬರುವವರ ಮಾತು ಕಾಲ ಬುಡದಲ್ಲಿ ಆಡಿದಂತೆ ಕೇಳುತ್ತದೆ. ನಾನು ಚಪ್ಪಲಿ ಕೊಡವುವ ನೆಪದಲ್ಲಿ ನಿಂತೆ.

"ಆ ಆಕಳಾ ಕರಾ ಪಾವಟಿಗಿ ಏರಿ ಮಾಳಿಗಿ ಮ್ಯಾಲ ಹೋಗಿ ನಿಂತೈತಿ ತಂಗಿ. ಹತ್ತೂದೇನೋ ಹತ್ತೈತಿ, ಇಳ್ಯಾಕ ಒಲ್ಲೆ ಅಂತೈತಿ. ಓಣಿ ಮಂದಿ ಎಲ್ಲಾ ಕೂಡ್ಯಾರ."

"ಯಾರ ಮನಿದಣ್ಣಾ? ಆ ಚಾವಡಿ ಮುಂದಿನ ಕಾಕೂಂದ?"

"ಆಕೀದ. ಆಕಿ ಕೆಳಗ ನಿಂತ, 'ಬಾರ ನನ್ನ ಮಗನ, ಬಾರ ನನ್ನ ರಾಜಾ' ಅಂತ ಕರ್ಯಾಕತ್ತಾಳ. ಆಕೀ ಗಂಡ ತನ್ನನ್ನ ಕರದಳಂತ ತಿಳದ ಒಳಗಿಂದ ಓಡಿ ಬಂದಾನ!"

ಇವಳು ನಕ್ಕು ನಕ್ಕು ಬಂಡೆಗೆ ಆನಿಕೊಂಡಳು. ನಾನು ಮೇಲೆ ನಿಂತು ಲೆಕ್ಕ ಹಾಕಿದೆ. ಹಾಗಾದರೆ ಇವನ ಮಾಲು ಇದು. ಹುಕ್ಕೇರಿಯ ಸುದ್ದಿ. ರೇಶಿಮೆಯಲ್ಲ, ಜರಿಯಲ್ಲ, ಯಾರದೋ ಕರು, ಯಾರದೋ ಮಾಳಿಗೆ. ಇಷ್ಟಕ್ಕೆ ನಾನು ಇಡೀ ಶ್ರಾವಣ ಸುಟ್ಟುಕೊಂಡೆನೇ! ಎದುರಿನ ಅಂಗಡಿಯವನು ಒಳ್ಳೆಯ ಮಾಲು ಇಟ್ಟರೆ ಏನು ಮಾಡಬೇಕು? ಅವನು ತರುವ ಪೇಟೆಗೇ ಹೋಗಿ ಅವನಿಗಿಂತ ಹೆಚ್ಚು, ಅವನಿಗಿಂತ ತಾಜಾ ತರಬೇಕು. ಪೇಟೆ ಎಲ್ಲಿದೆ? ನನ್ನ ಮಾವನ ಊರಿನಲ್ಲಿ. ಕಂಡಕ್ಟರ್ ಬರೀ ಬಸ್‌ ಸ್ಟ್ಯಾಂಡಿನ ಸುದ್ದಿ ತರುತ್ತಾನೆ. ನಾನು ಆ ಮನೆಯ ಅಳಿಯ, ಒಳಮನೆಯ ಸುದ್ದಿಯನ್ನೇ ತರುತ್ತೇನೆ.

ಮರುವಾರ ಖಣದ ವಸೂಲಿಯ ನೆಪ ಹೇಳಿ ಹುಕ್ಕೇರಿಗೆ ಹೋದೆ. ಬಸ್ಸಿನಲ್ಲಲ್ಲ, ಅದರಲ್ಲಿ ಅವನಿರುತ್ತಾನೆ. ಬೆಲ್ಲದ ಬಾಗೇವಾಡಿಯ ಕಡೆಗೆ ಹೊರಟ ಬೆಲ್ಲದ ಗಾಡಿಯವನ ಜೊತೆ ಅರ್ಧ ದಾರಿ, ಉಳಿದದ್ದು ನಡಿಗೆ.

ಅಳಿಯನಾಗಿ ಹುಕ್ಕೇರಿಗೆ ಹೋಗುವುದು ಅಂದರೆ ಏನು ಅಂತ ನಿಮಗೆ ಹೇಳಬೇಕು. ಕಾಲಿಗೆ ನೀರು ಬಂತು. ಹೊಸ ಕಂಬಳಿ ಹಾಸಿತು. ಅತ್ತೆ ಮಾವ ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಹೆಂಡತಿಯ ಇಬ್ಬರು ಅಣ್ಣಂದಿರು ನನ್ನ ಎಡಕ್ಕೊಬ್ಬ ಬಲಕ್ಕೊಬ್ಬ ಕುಳಿತರು. ನಾನು ಗಂಟು ಬಿಚ್ಚುವ ವ್ಯಾಪಾರಿಯ ಹಾಗೆ ಮೆಲ್ಲಗೆ ಮಾತು ತೆಗೆದೆ.

"ಮತ್ತ ಏನ ಸುದ್ದಿ?"

"ಎಲ್ಲಾ ಆರಾಮ ರೀ" ಅಂದ ದೊಡ್ಡವನು.

"ನಿಮ್ಮ ಕೃಪಾದಿಂದ ಎಲ್ಲಾ ಛಲೋ ಐತ್ರಿ" ಅಂದ ಸಣ್ಣವನು.

"ಓಣ್ಯಾಗ ಏನಾರ ವಿಶೇಷ? ಯಾರದರ ಕರಾ ಗಿರಾ ಮಾಳಿಗಿ ಏರಿತ್ತಂತ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮ ಓಣ್ಯಾಗ ಅಂಥಾದೇನೂ ಆಗೂದಿಲ್ರಿ" ಅಂದ ದೊಡ್ಡವನು, ಮರ್ಯಾದೆಯಿಂದ.

ಓಣಿಯಲ್ಲಿ ತಿರುಗಿದೆ. ಕಟ್ಟೆಯ ಮೇಲೆ ಹರಟುತ್ತಿದ್ದವರು ನಾನು ಬರುತ್ತಲೇ ಎದ್ದು ನಿಂತರು. "ಅಳಿಯಾರು ಬಂದ್ರು, ಜಾಗಾ ಬಿಡ್ರೆಪಾ." ಆ ಚಾವಡಿಯ ಮುಂದಿನ ಕಾಕೂ ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೇ ಹೋದಳು. ಖಣ ಮಾರುವವನಾಗಿ ಬಂದಿದ್ದರೆ ಇದೇ ಓಣಿ ನನ್ನ ಮುಂದೆ ಒಳಗಿನದು ಹೊರಗಿನದು ಎಲ್ಲ ಸುರಿಯುತ್ತಿತ್ತು. ಅಳಿಯನಾಗಿ ಬಂದವನಿಗೆ ಚಹಾ ಸಿಗುತ್ತದೆ, ಸುದ್ದಿ ಸಿಗುವುದಿಲ್ಲ. ಊಟ ಮಾತ್ರ ಭರ್ಜರಿ. ಎಡಗಡೆಯ ಬಾಗಿಲಿನಿಂದ ಹಿರಿ ಸೊಸೆ ರೊಟ್ಟಿ ತಂದಳು, ಬಲಗಡೆಯ ಬಾಗಿಲಿನಿಂದ ಕಿರಿ ಸೊಸೆ ಬದನೆಕಾಯಿ ತಂದಳು. ಅವಳು ಮಾದಲಿ ಇಟ್ಟರೆ ಇವಳು ಹಾಲು ಸುರಿದಳು. ಏನು ಒಕ್ಕಟ್ಟು, ಏನು ಅಚ್ಚುಕಟ್ಟು! ನಾನು ಆನಿಕೊಂಡು ಕುಳಿತ ಗೋಡೆಯೂ ಹೊಸದು, ಮಣ್ಣಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ. ಕೈಯಿಂದ ತಟ್ಟಿ ನೋಡಿ, "ಗ್ವಾಡಿ ಭಾಳ ಛಲೋ ಕಟ್ಟೀರಿ" ಅಂದೆ. ಬಡಿಸುತ್ತಿದ್ದ ಸೊಸೆಯರಿಬ್ಬರೂ ತಮ್ಮ ತಮ್ಮ ಬಾಗಿಲಿಗೆ ಸರಿದರು. ಕೊನೆಗೆ ದೊಡ್ಡವನು, "ಹೌದ್ರಿ, ಥಂಡಿ ಗಾಳಿ ಬರತಿತ್ತು" ಅಂದ.

ಬರಿಗೈಯಲ್ಲಿ ಬಂದೆ ಅಂತ ನನಗೆ ಅನ್ನಿಸಲಿಲ್ಲ. ಕರುವಿನ ಕಥೆ ಇಲ್ಲದಿದ್ದರೇನು, ತವರುಮನೆ ಸುಖವಾಗಿದೆ ಅನ್ನುವ ಸುದ್ದಿಗಿಂತ ಹೆಣ್ಣುಮಗಳಿಗೆ ದೊಡ್ಡದು ಯಾವುದಿದೆ? ಅದನ್ನು ಬೇಗ ಬಿಚ್ಚಬಾರದು, ಗುಡ್ಡದ ಮೇಲೆ ಬಿಚ್ಚಬೇಕು ಅಂತ ಸೋಮವಾರದವರೆಗೆ ಬಾಯಿ ಬಿಗಿ ಹಿಡಿದೆ. ಅದೃಷ್ಟವೂ ಕೂಡಿ ಬಂತು. ಆ ಸೋಮವಾರ ಇನ್ನೊಬ್ಬ ಕಂಡಕ್ಟರನಿಗೆ ಜ್ವರವಂತೆ, ನಮ್ಮವನಿಗೆ ಸೂಟಿ ಸಿಗಲಿಲ್ಲ.

ಹೊರಟೆವು. ಹಿಂದಿನ ದಿನ ಸಣ್ಣಗೆ ಮಳೆಯಾಗಿತ್ತು. ಕೆಂಪು ಮಣ್ಣು ಚಪ್ಪಲಿಗೆ ಅಂಟುತ್ತಿತ್ತು. ನಾನು ಮುಂದೆ, ಗಾಡಿಯಷ್ಟು ಜಾಗ, ಅದರ ಹಿಂದೆ ಬುತ್ತಿ ಹೊತ್ತ ಅವಳು. ನಗುವಿಲ್ಲ. ಎಷ್ಟು ಹಿತವಾಗಿತ್ತು ಆ ಮೌನ! ಆದರೆ ಗುಡ್ಡದ ಬೆನ್ನು ಹತ್ತುವ ಹೊತ್ತಿಗೆ ಅದೇ ಮೌನ ಹೆಗಲ ಮೇಲೆ ಕುಳಿತು ಭಾರವಾಗತೊಡಗಿತು.

"ಏನ, ಇವತ್ತ ಭಾಳ ಸುಮ್ಮನಿದ್ದಿ?"

"ಏನಿಲ್ರಿ."

"ನಿಮ್ಮಣ್ಣ ಇಲ್ಲಂತ ಮಾತೂ ಇಲ್ಲೇನು? ಅವಗ ಹೇಳೂದನ್ನ ನನಗ ಹೇಳಿದ್ರ ಏನ ಗಂಟ ಹೋಗತೈತಿ?"

"ನಿಮ್ಮ ಮುಂದ ಹೇಳೂವಂಥಾದ ಏನೈತ್ರಿ? ನೀವು ಎಲ್ಲಾದಕ್ಕೂ ಉಪಾಯ ಹೇಳ್ತೀರಿ."

ಇದು ಚುಚ್ಚಿತು. ಉಪಾಯ ಹೇಳುವುದು ತಪ್ಪೇ? ಅಂಗಡಿಗೆ ಬರುವವರು ಅದಕ್ಕೇ ಬರುತ್ತಾರೆ. ಆದರೂ ಅದನ್ನು ಬದಿಗಿಟ್ಟು ನನ್ನ ಗಂಟು ಬಿಚ್ಚಿದೆ. ಮುಂದೆ ನೋಡುತ್ತ, ಹಿಂದಿನವಳಿಗೆ ಕೇಳಲೆಂದು ಗಟ್ಟಿಯಾಗಿ ಹೇಳುತ್ತ ನಡೆದೆ.

"ನಾ ಹುಕ್ಕೇರಿಗೆ ಹೋಗಿದ್ನಲ್ಲ, ನಿಮ್ಮ ಮನಿಗೇ ಹೋಗಿದ್ದೆ. ರಾಮ ಲಕ್ಷ್ಮಣ ಇದ್ದಂಗ ಅದಾರ ನಿಮ್ಮಣ್ಣಗೋಳು. ಒಬ್ಬಾಕಿ ಈ ಕಡಿಂದ ರೊಟ್ಟಿ ತರ್ತಾಳ, ಒಬ್ಬಾಕಿ ಆ ಕಡಿಂದ ಪಲ್ಯಾ ತರ್ತಾಳ…"

ಹಿಂದೆ ಹೆಜ್ಜೆಯ ಸಪ್ಪಳ ನಿಂತಿತು.

"ಎರಡು ಕಡಿಂದ?"

"ಹೂಂ. ಮತ್ತ ಪಡಸಾಲ್ಯಾಗ ಹೊಸಾ ಗ್ವಾಡಿ ಕಟ್ಯಾರ. ನಾ ಬಡದ ನೋಡಿದ್ನಿ. ಭಾಳ ಛಲೋ ಕಟ್ಟೀರಿ ಅಂತ ಬಾಯಿ ತುಂಬ ಹೊಗಳಿ ಬಂದ್ನಿ."

ನಗು ಬಂತು. ಆದರೆ ಈ ಸಲ ಅದು ನನ್ನ ಬೆನ್ನಿಗೆ ಬಡಿಯಲು ಬಂದದ್ದಲ್ಲ, ನನ್ನ ಮೇಲೆಯೇ ಬಂದದ್ದು. ತಿರುಗಿ ನೋಡಿದೆ. ಬುತ್ತಿಯನ್ನು ಬಂಡೆಯ ಮೇಲೆ ಇಟ್ಟು, ಹೊಟ್ಟೆ ಹಿಡಿದುಕೊಂಡು ದಾರಿಯ ನಡುವೆ ಕುಳಿತುಬಿಟ್ಟಿದ್ದಾಳೆ.

"ಹೊಗಳಿ ಬಂದ್ರಿ? ಆ ಗ್ವಾಡಿ? ಶಿವನ! ರೀ, ಅವರಿಬ್ರು ಪಂಚಮಿ ಮುಂದ ಬ್ಯಾರಿ ಆಗ್ಯಾರ್ರಿ. ಎರಡ ಒಲಿ ಹೂಡ್ಯಾರ. ಪಾಲಿನ ಗ್ವಾಡಿ ಅದು!"

ಹಾಗಾದರೆ ರೊಟ್ಟಿ ಒಂದು ಮನೆಯದು, ಪಲ್ಯ ಇನ್ನೊಂದು ಮನೆಯದು. ಅಳಿಯನ ಮುಂದೆ ಮರ್ಯಾದೆ ಹೋಗಬಾರದೆಂದು ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಕಂಬಳಿಯ ಮೇಲೆ ಕುಳಿತಿದ್ದಾರೆ. ಇಡೀ ಪೇಟೆಯನ್ನು ಯಾಮಾರಿಸುವ ನಾನು ಗೋಡೆ ತಟ್ಟಿ ಹೊಗಳಿ ಬಂದಿದ್ದೇನೆ.

"ನಿನಗ ಗೊತ್ತಿತ್ತು?"

"ಕಂಡಕ್ಟರಣ್ಣ ಹೇಳಿದ್ದ. ನಿಮಗ ಹೇಳಬ್ಯಾಡಂತ ನಮ್ಮಣ್ಣಗೋಳು ಹೇಳಿ ಕಳಿಸಿದ್ರು. ನಿಮಗ ಗೊತ್ತಾಗಿದ್ರ ನಡುವ ಕುಂತ ಪಾಲಾ ಮಾಡಾಕ ನಿಂದರ್ತಿದ್ರಿ."

ಎದ್ದಳು. ಕಣ್ಣು ಒರೆಸಿಕೊಂಡಳು, ನಕ್ಕದ್ದಕ್ಕೋ ಏನೋ. ನಾನು ಸಿಟ್ಟಿನಲ್ಲಿ ದಾಪುಗಾಲು ಹಾಕಿ ಮುಂದೆ ಹೊರಟೆ. ದಾರಿಯ ಮೇಲೆ ಕಣ್ಣಿರಲಿಲ್ಲ, ಚಪ್ಪಲಿಯ ಸವೆದ ಅಟ್ಟೆಯನ್ನು ತೂರಿ ಕಾರೆಯ ಮುಳ್ಳು ಹಿಮ್ಮಡಿಗೆ ಹೊಕ್ಕಿತು. ಹಳೆಯ ಚಪ್ಪಲಿ ಹಾಕಿ ಅಂತ ಆಗಲೇ ಹೇಳಿದೆನಲ್ಲ, ತೀರ ಹಳೆಯದು ಬೇಡ. ದಾರಿಯ ಬದಿಗೆ ಕುಳಿತು ಕೀಳತೊಡಗಿದೆ. ಅವಳು ಇನ್ನೂ ತನ್ನ ಮಾತಿನಲ್ಲೇ ಇದ್ದಳು.

"ನಗೂದಲ್ರಿ ಅದು. ಎಲ್ಲಾ ಹಂಚಕೊಂಡಾರ. ಎಮ್ಮಿ ಇವಗ, ಎತ್ತ ಅವಗ. ನಮ್ಮವ್ವ ಕುಟ್ಟತಿದ್ದ ಒಳ್ಳು ಪಡಸಾಲಿ ನಡುವ ನೆಲದಾಗ ಹುಗದಿದ್ದು ನೋಡ್ರಿ, ಅದ ಯಾರ ಪಾಲಿಗೆ ಅಂತ ಹಟಾ ಬಿದ್ದ, ಕಡಿಕ ಅದರ ಮ್ಯಾಲ ಗ್ವಾಡಿ ತಂದಾರ. ಅರ್ಧಾ ಒಳ್ಳ ಆ ಕಡಿ, ಅರ್ಧಾ ಈ ಕಡಿ. ಈಗ ಇಬ್ರೂ ಖಾರಾ ಕುಟ್ಟಾಕ ಮಂದಿ ಮನಿಗೆ ಹೋಗ್ತಾರ. ಅಲ್ಲಿ ಇಬ್ರೂ ಒಂದ ಒಳ್ಳಿನ ಮುಂದ ಪಾಳೇಕ ನಿಂದರ್ತಾರ…"

ಹೇಳುತ್ತ ಹೇಳುತ್ತ ಅವಳು ನನ್ನನ್ನು ದಾಟಿ ಮುಂದೆ ಹೋಗಿದ್ದಳು. ನಾನು ಹಿಂದೆ ಉಳಿದೆ ಅನ್ನುವುದು ಅವಳ ಲಕ್ಷ್ಯದಲ್ಲಿಲ್ಲ. ನಾನು ಎದ್ದೆ. ಅವಳು ಬಂಡೆಯ ಮೇಲೆ ಮರೆತಿದ್ದ ಬುತ್ತಿಯನ್ನು ತಂದು ಹೆಗಲಿಗೇರಿಸಿದೆ. ಖಣದ ಗಂಟು ಹೊತ್ತ ಹೆಗಲು, ಅದಕ್ಕೇನೂ ಹೊಸದಲ್ಲ. ಕುಂಟುತ್ತ ಹಿಂದೆ ನಡೆದೆ. ಒಳ್ಳಿಗೆ, ಆ ಖಾರ ಕುಟ್ಟುವ ಒರಳಿಗೆ, ಉಪಾಯ ನನ್ನ ನಾಲಗೆಯ ತುದಿಯಲ್ಲಿತ್ತು: ಅದರ ಮೇಲೆ ಗೋಡೆಯಲ್ಲಿ ಒಂದು ಕಿಂಡಿ ಬಿಡಿಸಿದರೆ ಮುಗಿಯಿತು, ಈ ಕಡೆಯಿಂದ ಹಿರಿ ಸೊಸೆ, ಆ ಕಡೆಯಿಂದ ಕಿರಿ ಸೊಸೆ. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮುಚ್ಚಿದೆ. ಹೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ ಅಂತ ನನ್ನ ವ್ಯಾಪಾರದ ಬುದ್ಧಿಯೇ ಹೇಳಿತು.

ಮುಂದೆ ಗುಡಿಯಿಂದ ತಿರುಗಿ ಬರುತ್ತಿದ್ದ ಪೇಟೆಯ ಇಬ್ಬರು ಎದುರಾದರು. ಒಬ್ಬ ಕಿರಾಣಿ ಅಂಗಡಿಯವನು, ಬಾಯಿ ಸುಮ್ಮನಿರದವನು. "ಏನ್ರಿ ಸಾವಕಾರ್ರ, ಮತ್ತ ಗಂಟ ಹೊರೂ ಧಂದೆ ಚಾಲೂ ಮಾಡಿದ್ರೇನು? ಮುಂದಿನಾಕೀನ ಮಾಲಕಳೇನು?"

ಅವಳು ಬೆಚ್ಚಿ ತಿರುಗಿ ನೋಡಿದಳು. ತಾನು ಮುಂದೆ, ಗಂಡ ಹಿಂದೆ, ಬುತ್ತಿ ಗಂಡನ ಹೆಗಲ ಮೇಲೆ. ನಾಲಗೆ ಕಚ್ಚಿಕೊಂಡು ದಾರಿ ಬಿಟ್ಟು ಹುಲ್ಲಿಗೆ ಸರಿದು ನಿಂತಳು.

"ನಡೀರಿ ಮುಂದ" ಅಂದಳು ಮೆಲ್ಲಗೆ.

"ಕಾಲಾಗ ಮುಳ್ಳು" ಅಂತ ನಾನು ಕಿರಾಣಿಯವನಿಗೆ ಕೇಳುವ ಹಾಗೆ ಹೇಳಿದೆ. "ಕುಂಟ ಮುಂದಿದ್ರ ದಾರಿ ಸಾಗೂದಿಲ್ಲ. ನೀ ನಡಿ. ಪಾಳೇಕ ನಿಂತ್ರು, ಮುಂದೇನಾತು?"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಡೆದಳು. ಹೇಳಿದಳು. ಧಬಧಬೆಯ ಸಪ್ಪಳ ಏರಿ ಅವಳ ಮಾತನ್ನು ನುಂಗುವವರೆಗೂ ಹೇಳಿದಳು. ಇಂಥ ದಾರಿ ಇಷ್ಟು ಗಿಡ್ಡ ಅಂತ ನನಗೆ ಅವತ್ತೇ ಗೊತ್ತಾದದ್ದು.

ಪೂಜೆಯಾಯಿತು. ಹೊಳೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡೆವು. ಕಾಲು ಬಾತಿತ್ತು, ತಿರುಗಿ ನಡೆಯುವುದು ಬೇಡ ಅಂತ ಬಸ್ಸಿಗೆ ನಿಂತೆವು. ನಾನು ಮಾಡಿದ ತಪ್ಪು ಅದು. ಬಸ್ಸು ಬಂತು. ಬಾಗಿಲಲ್ಲಿ ಅವನು!

"ತಂಗೆವ್ವಾ! ಬಾ ಬಾ. ಮಾಮಾ, ಬರ್ರಿ, ಇಲ್ಲೇ ಮುಂದ ಕುಂಡ್ರಿ."

ನಾನು ಎರಡು ಟಿಕೀಟು ತೆಗೆಸಿದೆ. ಜಗತ್ತಿನಲ್ಲಿ ನಾನು ಚೌಕಾಸಿ ಮಾಡಲಾಗದ ವಸ್ತು ಒಂದಿದ್ದರೆ ಅದು ಬಸ್ಸಿನ ಟಿಕೀಟು. ಬಸ್ಸು ಹೊರಟು ಗೇರು ಬದಲಿಸುವುದರೊಳಗೆ ನನ್ನ ಹೆಂಡತಿ ಶುರು ಮಾಡಿದಳು.

"ಅಣ್ಣಾ, ನಿಮ್ಮ ಮಾಮಾ ಹುಕ್ಕೇರಿಗೆ ಹೋಗಿದ್ರು, ಗೊತ್ತೈತೇನ? ಹೋಗಿ ಗ್ವಾಡಿಗೆ ಆನಿಕೊಂಡ ಕುಂತಾರ…"

ನನಗೆ ಗುಡ್ಡದ ಮೇಲೆ ಹೇಳಿದ್ದು ಬರೀ ಮೊದಲ ಪಾಕ. ಈಗ ಇಳಿಸಿದ್ದು ಅಸಲು ಕರದಂಟು. ನನ್ನ ದನಿಯಲ್ಲಿ "ಭಾಳ ಛಲೋ ಕಟ್ಟೀರಿ" ಅಂದಳು, ಮುಂದಿನ ಸೀಟಿನ ಬೆನ್ನನ್ನು ನಾನು ಗೋಡೆ ತಟ್ಟಿದ ಹಾಗೆಯೇ ತಟ್ಟಿ ತೋರಿಸಿದಳು. ಅಣ್ಣಂದಿರು ಮುಖ ಮುಖ ನೋಡಿದ್ದು, ಅವಳು ಅಲ್ಲಿ ಇರಲೇ ಇಲ್ಲ, ಅದನ್ನೂ ಕಂಡವಳ ಹಾಗೆ ಹೇಳಿದಳು. ಕಂಡಕ್ಟರ್ ಟಿಕೀಟಿನ ಪೆಟ್ಟಿಗೆ ಬಡಿಯುತ್ತ ನಕ್ಕ. ಹಿಂದಿನ ಸೀಟಿನ ಘೋಡಗೇರಿಯ ಮುದುಕಿ "ಯಾರವ್ವಾ, ಇವರೇನ ಆ ಅಳ್ಯಾ?" ಅಂತ ನನ್ನ ತಲೆಯ ಮೇಲಿಂದ ಬಗ್ಗಿ ನೋಡಿದಳು. ಡ್ರೈವರ್ ಕೂಡ ಕನ್ನಡಿಯಲ್ಲಿ ನಗುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು. ಕಥೆ ನನ್ನದು, ಗೋಡೆ ತಟ್ಟಿದ ಕೈ ನನ್ನದು, ಹೇಳುವ ಹೆಂಡತಿ ನನ್ನವಳು, ಮಾಲು ಮಾತ್ರ ಬಸ್ಸಿನ ತುಂಬ ಹಂಚಿಹೋಗುತ್ತಿತ್ತು. ಒಳ್ಳಿನ ಭಾಗ ಇನ್ನೂ ಬಂದಿರಲಿಲ್ಲ. ಅದು ನನಗೊಬ್ಬನಿಗೇ ಹೇಳಿದ್ದು. ಅದನ್ನೂ ಈ ಮುದುಕಿಯ ಮುಂದೆ ಇಡುತ್ತಾಳೆ ಅನ್ನಿಸಿದಾಗ ನನಗೆ ತಡೆಯಲಾಗಲಿಲ್ಲ.

"ನಿಂದರಸ!" ಅಂದೆ.

"ಏನಾತ್ರಿ ಮಾಮಾ?"

"ನಿಂದರಸಪಾ. ನಾವ ಇಲ್ಲೇ ಇಳೀತೀವಿ. ಗುಡ್ಡದ ದಾರಿ ಹಿಡದ ಹೋಗ್ತೀವಿ."

"ಟಿಕೀಟು ಊರತನಾ ಐತ್ರಿ!"

"ಇರಲಿ."

ನನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ನನ್ನ ಹೆಂಡತಿ ಕಥೆ ನಿಲ್ಲಿಸಿದಳು. ಅವಳಿಗೆ ಆಗಲೇ ಏನೋ ತಿಳಿದಿರಬೇಕು. ಸೆರಗು ಸಿಕ್ಕಿಸಿಕೊಂಡು ಇಳಿದಳು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ತಂಗೆವ್ವಾ, ಉಳದದ್ದ ಮುಂದಿನ ಸೋಮಾರ ಹೇಳಬೇಕ ಮತ್ತ!" ಅಂತ ಕೂಗಿದ. ನಾನು ಬಸ್ಸಿಗೆ ಬೆನ್ನು ತಿರುಗಿಸಿದೆ.

ಧೂಳು ಇಳಿಯಿತು. ಎದುರಿಗೆ ಕಾಲುದಾರಿ, ಎರಡೂ ಕಡೆ ನಾನು ಬೋಳು ಮಾಡಿದ ತಂಗಡಿ ಗಿಡ. ಅವಳು ಪದ್ಧತಿಯ ಪ್ರಕಾರ ನಾನು ಮುಂದೆ ಹೋಗಲೆಂದು ಬದಿಗೆ ನಿಂತಳು. ನಾನು ಬಗ್ಗಿ ಚಪ್ಪಲಿಯ ಉಂಗುಟ ನೋಡತೊಡಗಿದೆ. ಎಳೆದೆ, ಬಿಟ್ಟೆ, ಮತ್ತೆ ಎಳೆದೆ.

"ಅದೇನ ಹರದಿಲ್ಲ ಬಿಡ್ರಿ" ಅಂದಳು.

ಬರಿದಾದ ಬುತ್ತಿಯ ಗಂಟನ್ನು ನನ್ನ ಹೆಗಲಿಗೆ ಹಾಕಿದಳು. ಆಮೇಲೆ ನನ್ನನ್ನು ದಾಟಿ ಮುಂದೆ ನಡೆದಳು.